ಕೋಲು ಮುಟ್ಟದ ಕೂಗು

ಅಜ್ಜಿ ಕೋಲು ಮುಟ್ಟದೆಯೇ ಕೂಗಿದ್ದನ್ನು ಸೊಸೆ ಕಣ್ಣಾರೆ ಕಂಡಳು.

ಸಂಜೆಯ ಹೊತ್ತು. ಆ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಅದರ ಅರ್ಧದಲ್ಲಿ ಆಂಪ್ಲಿಫೈಯರ್ ಬೋರಲು ಮಲಗಿತ್ತು, ಇನ್ನರ್ಧದಲ್ಲಿ ಸೊಸೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ಅಜ್ಜಿ ಪ್ಲಗ್ ಕಿತ್ತಳು, ಕನ್ನಡಕ ಹಣೆಗೇರಿಸಿದಳು, "ಇಳೀತು!" ಎಂದು ಕೂಗಿದಳು. ಎದುರಿಗೆ ಕೂತಿದ್ದ ಮೊಮ್ಮಗಳು, ಸೊಸೆಯ ಮಗಳು, "ಹಾಕ್ದೆ!" ಎಂದು ತಿರುಗಿ ಕೂಗಿ ಪೆಟ್ಟಿಗೆಯ ಹೊಟ್ಟೆಯೊಳಗೆ ಕೈ ಹಾಕಿಯೇ ಬಿಟ್ಟಳು. ಕೋಲು ಮಾತ್ರ ಕಿಟಕಿಯ ಪಕ್ಕದ ಮೊಳೆಯಲ್ಲಿ ನೇತುಹಾಕಿದ್ದು ಹಾಗೆಯೇ ನೇತಾಡುತ್ತಿತ್ತು.

ಸೊಸೆಯ ಕೈಯಿಂದ ಚಾಕು ಜಾರಿ ನೆಲಕ್ಕೆ ಬಿತ್ತು.

"ಏನಮ್ಮಾ, ಕಾಲ್ ಮೇಲೆ ಬಿತ್ತಾ?" ಎಂದಳು ಮಗಳು.

"ಇಲ್ಲ... ಕೈ ಒದ್ದೆ ಇತ್ತು, ಜಾರ್ತು."

ಮಗಳಿಗೆ ಏನೂ ಆಗಿರಲಿಲ್ಲ. ಒಂದು ವಯರನ್ನು ಆಚೆ ಈಚೆ ಸರಿಸಿ, ಕೈ ಹೊರಗೆಳೆದು, ಮೂಗು ಕೆರೆದುಕೊಂಡು, "ಇಲ್ಲ ಅಜ್ಜಿ, ಇದಲ್ಲ" ಎಂದಳು. ಆಮೇಲೆ ಇಬ್ಬರೂ ಮತ್ತೆ ತಲೆಗೆ ತಲೆ ಕೊಟ್ಟು ಬಗ್ಗಿದರು. ಸೊಸೆ ಬಗ್ಗಿ ಚಾಕು ಎತ್ತಿಕೊಂಡಳು.

ಬಲ್ಬಿನ ಹಾಗೆ ಕೆಂಪಗೆ ಉರಿಯುವ ಗಾಜಿನ ವಾಲ್ವ್‌ಗಳ ಹಳೇ ಕಾಲದ ಆಂಪ್ಲಿಫೈಯರ್ ಅದು. ಅಂಗಡಿಯದ್ದಲ್ಲ, ಮನೆಯಲ್ಲೇ ಕೈಯಾರೆ ಕಟ್ಟಿದ್ದು. ಅಜ್ಜಿ ಮದುವೆಗೆ ಮುಂಚಿನಿಂದ ಕೂದಲು ನರೆಯುವ ತನಕ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವಳು. ಕಾರ್ಖಾನೆ ಬಾಗಿಲು ಹಾಕಿದಾಗ ಬೇರೆಯವರು ಕುರ್ಚಿ, ಫ್ಯಾನು, ಗಡಿಯಾರ ಅಂತ ಕೈಗೆ ಸಿಕ್ಕಿದ್ದು ಹೊತ್ತುಕೊಂಡು ಹೋದರೆ, ಅವಳು ಒಂದು ಡಬ್ಬಿ ತುಂಬ ವಾಲ್ವ್ ತಂದು ಮಂಚದ ಕೆಳಗಿಟ್ಟಳು. ಮೊಮ್ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಗೆ ಸೇರಿದ ಮೇಲೆ ಆ ಡಬ್ಬಿ ಹೊರಗೆ ಬಂತು. ಮೊಮ್ಮಗಳನ್ನು ಮನೆಯವರೆಲ್ಲ ಚೂಟಿ ಎಂದೇ ಕರೆಯುತ್ತಿದ್ದರು. ಅಜ್ಜಿ, ಚೂಟಿ ಇಬ್ಬರೂ ಸೇರಿ ತಗಡು ಕತ್ತರಿಸಿ, ತೂತು ಕೊರೆದು, ತಿಂಗಳುಗಟ್ಟಲೆ ಕೂತು ಕಟ್ಟಿದರು. ಹಾಡು ಬಂತು, ಚೆನ್ನಾಗಿಯೇ ಬಂತು. ಆದರೆ ಹಾಡಿನ ಹಿಂದೆ ಗುಂಯ್ ಅನ್ನುವ ಒಂದು ಸದ್ದು, ಬಿಟ್ಟೂ ಬಿಡದೆ. ಅದು ಎಲ್ಲಿಂದ ಬರುತ್ತದೆ ಎಂದು ಹುಡುಕುವುದೇ ಈಗ ದಿನವೂ ಸಂಜೆಯ ಕೆಲಸ.

ಇಂಥ ಪೆಟ್ಟಿಗೆಗೆ ಒಂದು ಕೆಟ್ಟ ಬುದ್ಧಿ ಇದೆ. ಪ್ಲಗ್ ಕಿತ್ತರೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಕೂತೇ ಇರುತ್ತದೆ, ಅದೂ ಗೋಡೆಯ ಪ್ಲಗ್ಗಿನಲ್ಲಿ ಬರುವುದಕ್ಕಿಂತ ಜೋರಾಗಿ. ಮುಟ್ಟಿದವರ ಜೀವ ಹೋದರೂ ಹೋಯಿತು. ಅದಕ್ಕೇ ಆ ಕೋಲು: ಮರದ ಹಿಡಿ, ತುದಿಗೆ ತಾಮ್ರದ ಕೊಕ್ಕೆ, ಕೊಕ್ಕೆಯಿಂದ ಪೆಟ್ಟಿಗೆಯ ತಗಡಿಗೆ ಒಂದು ವಯರು. ಕೋಲು ಮುಟ್ಟಿಸಿದರೆ ಕೂತ ಕರೆಂಟು ಇಳಿದು ಹೋಗುತ್ತದೆ. ಕಾರ್ಖಾನೆಯ ಗದ್ದಲದಲ್ಲಿ ಒಬ್ಬಳು ಕೋಲು ಮುಟ್ಟಿಸಿ "ಇಳೀತು!" ಎಂದು ಕೂಗಬೇಕು, ಇನ್ನೊಬ್ಬಳು "ಹಾಕ್ದೆ!" ಎಂದು ಕೂಗಿಯೇ ಕೈ ಹಾಕಬೇಕು. ಅಜ್ಜಿಯ ಜೊತೆ ಒಂದೇ ಸಾಲಿನಲ್ಲಿ ಕೂತು ಕೆಲಸ ಮಾಡಿದ ಹೆಂಗಸರ ಕಟ್ಟಳೆ ಅದು. ಒಬ್ಬಳು ಕೂಗಿದ ಮೇಲೆ ಇನ್ನೊಬ್ಬಳು ಕರೆಂಟು ಅಳೆಯುವ ಮೀಟರ್ ಇಟ್ಟು ನೋಡಿದರೆ ಮುಖಕ್ಕೆ ಉಗಿದ ಹಾಗೆ. ಹಾಗೆ ಮಾಡಿದವಳ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲವಂತೆ. ಚೂಟಿ ಈ ಕಟ್ಟಳೆಯನ್ನು ಹಾಗ್ಹಾಗೆಯೇ ಕಲಿತಿದ್ದಳು.

ಸೊಸೆಗೆ ಕರೆಂಟು ಎಂದರೆ ಮೊದಲೇ ಪ್ರಾಣಭಯ. ಅವಳು ಕೆಲಸ ಮಾಡುವ ಲಾಂಡ್ರಿಯಲ್ಲಿ ಒಬ್ಬಳಿಗೆ ಬಟ್ಟೆ ಹಿಂಡುವ ಮೆಶೀನಿನಿಂದ ಷಾಕ್ ಹೊಡೆದು ಗೋಡೆಗೆ ಎಸೆದಿತ್ತು. ಬದುಕಿದಳು, ನಿಜ, ಆದರೆ ಇವತ್ತಿಗೂ ಅವಳ ಬಲಗೈ ಮುಷ್ಟಿ ಕಟ್ಟುವುದಿಲ್ಲ. ಆ ಮುಷ್ಟಿ ಕಟ್ಟದ ಕೈಯನ್ನು ಸೊಸೆ ದಿನವೂ ಪಕ್ಕದಲ್ಲೇ ನೋಡುತ್ತಾಳೆ.

ಹಾಗಾದರೆ ಆ ಕ್ಷಣವೇ ಬಾಯಿ ಬಿಟ್ಟು ಹೇಳಬಾರದಿತ್ತೇ? ಕೇಳುವವರಿಗೇನು, ಸುಲಭ. ಈ ಅತ್ತೆ ಸೊಸೆ ಮದುವೆಯಾದಂದಿನಿಂದ ಜಗಳವಾಡಿಕೊಂಡೇ ಬಂದವರು. ಉಪ್ಪಿಗೆ ಜಗಳ, ನೆಲ ಒರೆಸುವ ಬಟ್ಟೆಗೆ ಜಗಳ, ಕಿಟಕಿ ತೆರೆದರೆ ಜಗಳ, ಮುಚ್ಚಿದರೆ ಜಗಳ. ಮಧ್ಯೆ ಸಿಕ್ಕಿಕೊಂಡವನು ಬೇಕರಿಯ ವ್ಯಾನ್ ಓಡಿಸುವ ಮಗ, ಬಡಪಾಯಿ. ಕಳೆದ ಚಳಿಗಾಲದಲ್ಲಿ ಯಾರೋ ನಲ್ಲಿ ತೆರೆದಿಟ್ಟು, ನೀರೆಲ್ಲ ಕೆಳಗಿನ ಮನೆಗೆ ಸೋರಿ ರಂಪವಾಯಿತು. "ಇವರೇ ಬಿಟ್ಟಿದ್ದು, ನಾನು ಕಣ್ಣಾರೆ ಕಂಡೆ" ಎಂದು ಸೊಸೆ ಅತ್ತೆಯ ಕಡೆ ಕೈ ತೋರಿಸಿದಳು. ಕೊನೆಗೆ ನೋಡಿದರೆ ಬಿಟ್ಟವಳು ಅವಳೇ. ಆ ಹೊತ್ತಿನಲ್ಲಿ ಅತ್ತೆ ತಮ್ಮ ಮನೆಯಲ್ಲೇ ಕೂತಿದ್ದರು ಎಂದು ಕೆಳಗಿನ ಮನೆಯವರೇ ಸಾಕ್ಷಿ ಹೇಳಿದರು. ಅವತ್ತು ಮಗ, "ಇನ್ನೊಂದ್ಸಲ ನಿಮ್ಮಿಬ್ಬರ ಗಲಾಟೆ ಕಿವಿಗೆ ಬಿದ್ರೆ ನಾನು ವ್ಯಾನಲ್ಲೇ ಮಲಗ್ತೀನಿ" ಎಂದ. ಅಂದಂತೆಯೇ ಹೋಗಿ ಮಲಗಿಯೂ ಮಲಗಿದ. ಕುತ್ತಿಗೆ ಹಿಡಿದುಕೊಂಡು, ಮೈಯೆಲ್ಲ ಬ್ರೆಡ್ಡಿನ ವಾಸನೆ ಹೊತ್ತು ವಾಪಸು ಬಂದವನನ್ನು ನೋಡಿ ಹೆಂಗಸರಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಅಂದಿನಿಂದ ಮನೆ ತಣ್ಣಗಿತ್ತು.

ಮಾರನೆಯ ಬೆಳಿಗ್ಗೆ ಗಂಡ ಶೂ ಲೇಸು ಕಟ್ಟುತ್ತಿದ್ದಾಗ ಸೊಸೆ ಚಹಾದ ಲೋಟ ಹಿಡಿದು ಪಕ್ಕದಲ್ಲಿ ನಿಂತಳು.

"ರೀ, ಅತ್ತೆ ನಿನ್ನೆ ಕೋಲೇ ಮುಟ್ಟಲಿಲ್ಲ. ಸುಮ್ನೆ ಕೂಗಿಬಿಟ್ರು. ಚೂಟಿ ಕೈ ಹಾಕಿದ್ಲು."

ಗಂಡ ತಲೆ ಎತ್ತಲಿಲ್ಲ. "ಶುರು ಮಾಡಿದ್ಯಾ?"

"ಏನ್ರೀ ಶುರು? ಕಣ್ಣಾರೆ ನೋಡ್ದೆ ನಾನು."

"ನಲ್ಲಿನೂ ಕಣ್ಣಾರೆ ನೋಡಿದ್ದೆ ನೀನು."

ಸೊಸೆಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಆದರೂ ಬಿಡಲಿಲ್ಲ. "ಅದು ನನ್ನ ತಪ್ಪು, ಒಪ್ಕೊಂಡೆ. ಇದು ಹಾಗಲ್ಲ. ಮಗೂ ಜೀವದ ಪ್ರಶ್ನೆ."

"ನೋಡು, ಅಮ್ಮ ಆ ಕೋಲು ಹಿಡ್ಕೊಂಡೇ ಮುದುಕಿ ಆದವಳು. ಅವಳ ಸಾಲಲ್ಲಿ ಒಬ್ಬರಿಗಾದರೂ ಏನಾದ್ರೂ ಆಗಿತ್ತಾ, ಕೇಳು. ಒಬ್ಬರಿಗೂ ಆಗಿಲ್ಲ. ನೀನು ಆಲೂಗಡ್ಡೆ ನೋಡ್ತಿದ್ದಾಗ ಮುಟ್ಟಿಸಿರ್ತಾಳೆ."

"ಕೋಲು ಮೊಳೇಲೇ ಇತ್ತು ಅಂತೀನಿ!"

"ಸ್ವಲ್ಪ ಮೆಲ್ಲಗೆ." ಅವನು ಒಳಕೋಣೆಯ ಬಾಗಿಲಿನ ಕಡೆ ನೋಡಿದ. "ನಿನ್ನ ದಮ್ಮಯ್ಯ ಅಂತೀನಿ. ಮನೆ ಈಗ ತಣ್ಣಗಿದೆ, ಇರೋಕೆ ಬಿಡು." ಚಹಾ ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದು ಹೋದ.

ಗಂಡ ಹೋದರೆ ಹೋಗಲಿ, ಮಗಳಿಗಾದರೂ ಹೇಳೋಣ ಎಂದುಕೊಂಡಳು. ಮಹಡಿಯ ಮೇಲೆ ಬಟ್ಟೆ ಒಣಗಿಸುವಾಗ, ಹೆಚ್ಚು ಕಡಿಮೆ ತಮಾಷೆಯ ದನಿಯಲ್ಲೇ, "ಅಜ್ಜಿ ಕೂಗಿದ ಮೇಲೂ ಒಂದ್ಸಲ ಮೀಟರ್ ಇಟ್ಟು ನೋಡಬಾರದೇನೇ?" ಎಂದಳು.

ಚೂಟಿ ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡೇ ನಕ್ಕಳು. "ಅಜ್ಜಿ ನನ್ನ ಕೊಂದೇ ಹಾಕ್ತಾಳೆ ಅಷ್ಟೇ. ಅಮ್ಮಾ, ನಿಂಗೆ ಇದೆಲ್ಲ ಅರ್ಥ ಆಗಲ್ಲ."

"ಅರ್ಥ ಆಗದೆ ಇರೋಕೆ ಏನಿದೆ? ನೋಡಿದ್ರೆ ಗಂಟು ಹೋಗತ್ತಾ?"

"ಅವಳಿಗೆ ಬೇಜಾರಾಗತ್ತೆ. ಈ ಮನೇಲಿ ಅವಳ ಮಾತು ಕೇಳೋಳು ನಾನೊಬ್ಬಳೇ." ಕ್ಲಿಪ್ ಉಗಿದು, ತಾಯಿಯ ಮುಖ ನೇರವಾಗಿ ನೋಡಿದಳು. "ನಿಮ್ಮಿಬ್ಬರ ಜಗಳ ನನ್ನ ಮೂಲಕ ಆಡಬೇಡಮ್ಮ, ಪ್ಲೀಸ್."

ಸೊಸೆ ಒದ್ದೆ ಬಟ್ಟೆ ಕೊಡವಿದಳು, ಅಷ್ಟೆ.

ಅಂದಿನಿಂದ ಅವಳ ಸಂಜೆಗಳೆಲ್ಲ ಅಡುಗೆಮನೆಯ ಬಾಗಿಲಲ್ಲೇ ಕಳೆದವು. ಒಲೆಯ ಮೇಲಿನ ಬೇಳೆಯ ಕಡೆಗೆ ಬೆನ್ನು, ಕಣ್ಣೆಲ್ಲ ಅತ್ತೆಯ ಕೈ ಮೇಲೆ. ಅತ್ತೆ ಹೆಚ್ಚಿನ ದಿನ ಕೋಲು ಮುಟ್ಟಿಸುತ್ತಿದ್ದಳು. ಆಗ ಸೊಸೆಗೆ ತನ್ನ ಮೇಲೆಯೇ ಅನುಮಾನ ಬರುತ್ತಿತ್ತು: ನನಗೇ ಭ್ರಮೆಯೇ, ನಲ್ಲಿಯ ಹಾಗೆ? ಇನ್ನೇನು ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ ಒಂದು ಸಂಜೆ ಮತ್ತೆ ಅತ್ತೆ ಬರಿಗೈಯಲ್ಲಿ ಕೂಗುತ್ತಿದ್ದಳು. ಅದೇ ಗತ್ತು, ಅದೇ ದನಿ, ರವೆಯಷ್ಟೂ ವ್ಯತ್ಯಾಸವಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಬಾಯಿ ಬಿಡುವಂತಿಲ್ಲ, ಸುಮ್ಮನಿರುವಂತಿಲ್ಲ. ಅವಳು ಹೊಸ ಹೊಸ ನಾಟಕ ಹೂಡತೊಡಗಿದಳು. ಅತ್ತೆ ಕೂಗುವುದಕ್ಕೂ ಚೂಟಿ ಕೈ ಹಾಕುವುದಕ್ಕೂ ನಡುವೆ "ಚೂಟೀ, ಉಪ್ಪಿನ ಡಬ್ಬಿ ಎಲ್ಲೇ?" ಎಂದು ಕಿರುಚುವಳು. ಇನ್ನೊಂದು ದಿನ ಪಾತ್ರೆ ಬೀಳಿಸುವಳು. ಮತ್ತೊಂದು ದಿನ ಹಲ್ಲಿ ಮೈಮೇಲೆ ಬಿತ್ತು ಎಂದು ಕುಣಿದಳು. ಬೇಳೆ ತಳ ಹಿಡಿಯಿತು, ಅನ್ನ ಮುದ್ದೆಯಾಯಿತು. ಇಷ್ಟು ವರ್ಷ ಒಂದು ದಿನವೂ ಹೊತ್ತಿಸದವಳು ವಾರವೆಲ್ಲ ಕರಕಲು ಬಡಿಸಿದಳು.

"ಏನೇ ನಿನ್ನ ಕಾಟ?" ಅತ್ತೆ ರೇಗಿದಳು. "ಈ ಪೆಟ್ಟಿಗೆ ಕಂಡ್ರೆ ನಿಂಗೆ ಮೈ ಉರಿಯತ್ತೆ ಅಂತ ನಂಗೊತ್ತು. ಅದನ್ನ ಬಾಯಿ ಬಿಟ್ಟು ಹೇಳು. ಹಲ್ಲಿ ಯಾಕೆ ಸಾಯಿಸ್ತೀಯ?"

"ಏನಿಲ್ಲ ಅತ್ತೆ."

ಅತ್ತೆ ಅವಳನ್ನು ಒಂದು ಕ್ಷಣ ನೋಡಿದಳು. 'ಏನಿಲ್ಲ ಅತ್ತೆ' ಎನ್ನುವ ಸೊಸೆ ಅವಳಿಗೆ ಹೊಸಬಳು. "ಮೈ ಹುಷಾರಿಲ್ವಾ ನಿಂಗೆ?" ಎಂದು ಮೆತ್ತಗೆ ಕೇಳಿದಳು. ಸೊಸೆ ತಲೆಯಾಡಿಸಿ ಒಳಗೆ ಹೋಗಿ, ತಳ ಹಿಡಿದ ಪಾತ್ರೆಯನ್ನು ಉಜ್ಜುತ್ತಾ ಸದ್ದಿಲ್ಲದೆ ಅತ್ತಳು.

ಒಂದು ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದಾಗ ಚೂಟಿ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗೆರೆ ಎಳೆದು ತಂದೆಗೆ ವಿವರಿಸುತ್ತಿದ್ದಳು. "ನಾಳೆಯಿಂದ ಎರಡೆರಡು ವಾಲ್ವ್ ಕಿತ್ತು ನೋಡ್ತೀವಪ್ಪ. ಯಾವುದು ಕಿತ್ತಾಗ ಗುಂಯ್ ನಿಲ್ಲತ್ತೋ ತಪ್ಪು ಅಲ್ಲೇ ಇದೆ ಅಂತ ಲೆಕ್ಕ."

"ಅಪಾಯ ಏನಿಲ್ವಾ?" ಮಗ ರೊಟ್ಟಿ ಮುರಿಯುತ್ತಾ ಕೇಳಿದ. ಕೇಳಿದ್ದು ಮಗಳನ್ನು, ನೋಡಿದ್ದು ಹೆಂಡತಿಯನ್ನು.

"ಸ್ವಲ್ಪ ಜಾಸ್ತಿನೇ. ಇಷ್ಟು ದಿನ ಪ್ಲಗ್ ಕಿತ್ತ ಮೇಲೆ ಬಿಸಿ ವಾಲ್ವ್‌ಗಳೇ ಒಳಗಿನ ಕರೆಂಟ್ ಕುಡಿದು ಖಾಲಿ ಮಾಡ್ತಿದ್ವು. ಕೋಲು ಮರೆತಿದ್ರೂ ನಡೀತಿತ್ತೋ ಏನೋ. ವಾಲ್ವ್ ಕಿತ್ರೆ ಕುಡಿಯೋರು ಯಾರೂ ಇಲ್ಲ. ಹಾಗೇ ತುಂಬ್ಕೊಂಡು ಕೂತಿರತ್ತೆ. ಆದ್ರೆ ಅಜ್ಜಿ ಇದಾಳಲ್ಲ, ಏನು ಭಯ?"

"ಅಷ್ಟೇ ಮತ್ತೆ," ಎಂದಳು ಅಜ್ಜಿ, ನೀರು ಕುಡಿಯುತ್ತಾ.

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. ಇಷ್ಟು ದಿನ ಏನೂ ಆಗದೆ ಇದ್ದದ್ದು ಯಾಕೆ ಎಂದು ಆಗ ಅವಳಿಗೆ ತಿಳಿಯಿತು. ಗಂಡನ ಕಣ್ಣು ಹುಡುಕಿದಳು. ಅವನು ತಟ್ಟೆ ನೋಡುತ್ತಿದ್ದ.

ಮರುದಿನ ಲಾಂಡ್ರಿಯಲ್ಲಿ ಯಾರದ್ದೋ ಹೊಸ ಷರಟಿನ ಕಾಲರು ಸುಟ್ಟಳು. ಮಾಲೀಕನ ಬೈಗುಳ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂತು. ಹೊಟ್ಟೆನೋವು ಎಂದು ಹೇಳಿ, ಇಸ್ತ್ರಿ ಮಾಡದ ರಾಶಿಯನ್ನು ಹಾಗೇ ಬಿಟ್ಟು, ಮನೆಗೆ ಹೆಚ್ಚುಕಡಿಮೆ ಓಡಿಕೊಂಡೇ ಬಂದಳು. ಮೆಟ್ಟಿಲು ಹತ್ತುವಾಗಲೇ ಗುಂಯ್ ಎನ್ನುವ ಸದ್ದು ಕೇಳಿಸಿತು. ಜೀವ ಬಂತು. ಸದ್ದು ಇದೆ ಎಂದರೆ ಇನ್ನೂ ಯಾರೂ ಕೈ ಹಾಕಿಲ್ಲ.

ಆವತ್ತು ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ಮಡಿಸುವ ಬಟ್ಟೆಯ ಬುಟ್ಟಿ ತಂದು ಮೇಜಿನ ಮುಂದೆಯೇ, ಮಗಳಿಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಳು. ಬಟ್ಟೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅಜ್ಜಿ ಕರೆಂಟು ಆರಿಸಿ ಎರಡು ವಾಲ್ವ್ ಕಿತ್ತು ಬಟ್ಟೆಯ ಮೇಲಿಟ್ಟಳು, ಕೋಲನ್ನೂ ಮುಟ್ಟಿಸಿದಳು. ಕರೆಂಟು ಕೊಟ್ಟರು, ಕೇಳಿದರು, ಏನೋ ಮಾತಾಡಿಕೊಂಡರು. ಗುಂಯ್ ನಿಲ್ಲಲಿಲ್ಲ. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಮಗ ಬಾಗಿಲಲ್ಲಿ ಶೂ ಬಿಚ್ಚುತ್ತಾ, "ಏನಮ್ಮಾ, ಸಿಕ್ತಾ ಕಳ್ಳ?" ಎಂದ. ಅಜ್ಜಿ ನಕ್ಕು ಅವನ ಕಡೆ ತಿರುಗಿದಳು. ಪ್ಲಗ್ ಕಿತ್ತಳು. ಕೋಲಿನ ಕಡೆ ಕೈ ಹೋಯಿತು, ಹೋದದ್ದು ಅರ್ಧದಲ್ಲೇ ಕನ್ನಡಕಕ್ಕೆ ಹೋಯಿತು.

"ಇಳೀತು!"

"ಹಾಕ್..."

ಸೊಸೆ ಬುಟ್ಟಿಯನ್ನು ಒದ್ದು ಎದ್ದು ಮಗಳ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಎಳೆದಳು. ಕುರ್ಚಿಸಮೇತ ತಾಯಿ ಮಗಳು ನೆಲಕ್ಕೆ ಬಿದ್ದರು.

"ಅಮ್ಮಾ! ಹುಚ್ಚು ಹಿಡಿದಿದ್ಯಾ ನಿಂಗೆ?"

"ಇಳಿದಿಲ್ಲ! ಇಳಿದಿಲ್ಲ! ಅವರು ಮುಟ್ಟಿಸಿಲ್ಲ!"

"ಏನಂದೆ?" ಅಜ್ಜಿಯ ದನಿ ತಣ್ಣಗಾಯಿತು. "ನಾನು ಸುಳ್ಳು ಕೂಗಿದ್ನಾ?"

"ಹೌದು ಅತ್ತೆ."

"ಮತ್ತೆ ಶುರುವಾಯ್ತಲ್ಲಪ್ಪಾ!" ಮಗ ಒಂದು ಕಾಲಿನ ಶೂ ಹಾಕಿಕೊಂಡೇ ಒಳಗೆ ಬಂದ. "ನಾನು ಬೇಡ್ಕೊಂಡಿದ್ದೆ ನಿಂಗೆ. ಕಾಲಿಗೆ ಬೀಳೋದೊಂದು ಬಾಕಿ ಇತ್ತು."

"ನೀನು ಸುಮ್ನಿರೋ." ಅಜ್ಜಿ ಮೊಳೆಯಿಂದ ಕೋಲು ಎಳೆದುಕೊಂಡಳು. "ಜೀವಮಾನದಲ್ಲಿ ಯಾರೂ ನಂಗೆ ಈ ಮಾತು ಅಂದಿಲ್ಲ. ಬಾ ಇಲ್ಲಿ. ಕಣ್ಣು ಬಿಟ್ಕೊಂಡು ನೋಡು."

ಕೊಕ್ಕೆ ಮುಟ್ಟಿಸಿದಳು.

ಫಟಾರ್ ಎಂದು ಸಿಡಿಯಿತು. ನೀಲಿ ಬೆಳಕು ನಾಲ್ಕು ಮುಖಗಳಿಗೂ ಹೊಡೆಯಿತು. ಚೂಟಿ ಕಿಟಾರನೆ ಕಿರುಚಿ ತಾಯಿಯ ತೊಡೆಯಲ್ಲಿ ಮುಖ ಹುದುಗಿಸಿದಳು. ಸುಟ್ಟ ವಾಸನೆ ಕೋಣೆಯಲ್ಲೆಲ್ಲ ಹಬ್ಬಿತು. ತಾಮ್ರದ ತುದಿ ಕರಗಿತ್ತು, ಅದು ತಾಗಿದಲ್ಲಿ ಮೆಣಸಿನ ಕಾಳಿನಷ್ಟು ಕಪ್ಪು ಗುಳಿ ಬಿದ್ದಿತ್ತು.

ಅಜ್ಜಿ ಕೋಲನ್ನು ಮೇಜಿನ ಮೇಲಿಟ್ಟಳು. ಗುಳಿಯನ್ನು ನೋಡಿದಳು, ಆಮೇಲೆ ನೆಲದಲ್ಲಿ ಕೂತ ಮೊಮ್ಮಗಳ ಕೈಯನ್ನು ನೋಡಿದಳು.

"ಎಷ್ಟು ದಿನದಿಂದ?" ಎಂದಳು.

"ಅತ್ತೆ, ಬಿಡಿ, ಈಗ..."

"ಎಷ್ಟು ದಿನದಿಂದ ಅಂತ ಕೇಳ್ದೆ!"

"ಕೆಲವು ವಾರ ಆಯ್ತು. ದಿನಾ ಅಲ್ಲ. ಆಗಾಗ."

"ವಾರ." ಅಜ್ಜಿ ಕುರ್ಚಿಗೆ ಕುಸಿದಳು. "ವಾರಗಟ್ಟಲೆ ನೋಡ್ಕೊಂಡು ಸುಮ್ನೆ ಕೂತಿದ್ಯಾ? ನಿನ್ನ ಹೊಟ್ಟೇಲಿ ಹುಟ್ಟಿದ ಕೂಸು ಕಣೇ ಇದು!"

"ಹೇಳಿದ್ರೆ ನೀವು ಬೈತಿದ್ರಿ."

"ಬೈತಿದ್ದೆ! ಖಂಡಿತ ಬೈತಿದ್ದೆ! ಏಳು ಕೆರೆ ನೀರು ಕುಡಿಸ್ತಿದ್ದೆ! ಬೈಸ್ಕೊಂಡಿದ್ರೆ ಸವೆದು ಹೋಗ್ತಿದ್ಯಾ?"

ಸೊಸೆಗೂ ತಡೆಯಲಾಗಲಿಲ್ಲ. "ಇವರಿಗೆ ಹೇಳ್ದೆ!" ಎಂದು ಗಂಡನ ಕಡೆ ಬೆರಳು ಮಾಡಿದಳು. "ಮಗಳಿಗೆ ಹೇಳ್ದೆ! ಯಾರು ನಂಬಿದ್ರು ನನ್ನ? ನಲ್ಲಿ, ನಲ್ಲಿ, ನಲ್ಲಿ! ಒಂದು ನಲ್ಲಿ ಬಿಟ್ಟದ್ದಕ್ಕೆ ಸಾಯೋ ತನಕ ನಾನು ಸುಳ್ಳುಬುರುಕಿಯಾ?" ನೆಲದಲ್ಲೇ ಕೂತು ಗೊಳೋ ಎಂದು ಅತ್ತಳು.

ಅಜ್ಜಿ ಮಗನನ್ನು ನೋಡಿದಳು. ಅವನು ಕೈಯಲ್ಲಿದ್ದ ಒಂದು ಶೂವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದ. "ನಿನಗೆ ಹೇಳಿದ್ಲಾ?"

"ನಿನ್ನ ಮೇಲೆ ನಂಬಿಕೆ ಅಮ್ಮ..."

"ನಂಬಿಕೆಗೆ ಬೆಂಕಿ ಬಿತ್ತು." ಅವಳು ಮುಖ ತಿರುಗಿಸಿದಳು. ಆಮೇಲೆ ಯಾರನ್ನೂ ನೋಡದೆ, ಬೇರೆಯದೇ ದನಿಯಲ್ಲಿ ಮಾತಾಡಿದಳು. "ನಂಗೆ ಅನುಮಾನ ಇತ್ತು. ಗ್ಯಾಸ್ ಆರಿಸಿದ್ನೋ ಇಲ್ವೋ ಅಂತ ಎದ್ದೆದ್ದು ಹೋಗಿ ನೋಡ್ತೀನಿ. ಕೆಳಗಿನ ಮನೆಯವಳ ಹೆಸರು ಬಾಯಿಗೆ ಬರೋದಿಲ್ಲ. ಹೆದರ್ಕೊಂಡೇ ಇದ್ದೆ. ಆದ್ರೆ ನೀನು..." ಸೊಸೆಯ ಕಡೆ ತಿರುಗಿದಳು. "ನೀನು ಉಪ್ಪು ಒಂದು ಕಲ್ಲು ಹೆಚ್ಚಾದ್ರೂ ಬಿಡೋಳಲ್ಲ. ನೀನೇ ಏನಿಲ್ಲ ಅತ್ತೆ, ಏನಿಲ್ಲ ಅತ್ತೆ ಅಂತಿದ್ದೆ. ಸರಿ, ಇವಳೇ ಸುಮ್ನಿದ್ದಾಳೆ ಅಂದ್ಮೇಲೆ ನನ್ನ ತಲೆ ನೆಟ್ಟಗೇ ಇದೆ ಅಂದ್ಕೊಂಡೆ ಕಣೇ."

ಸೊಸೆಯ ಅಳು ನಿಂತುಹೋಯಿತು. ಅವಳಿಗೆ ಇದು ಹೊಳೆದೇ ಇರಲಿಲ್ಲ.

ಪೆಟ್ಟಿಗೆಯ ಮೇಲೆ ಹಳೇ ಹೊದಿಕೆ ಬಿತ್ತು. ಕೆಲವು ದಿನ ಮನೆಯಲ್ಲಿ ಎಲ್ಲರಿಗೂ ಎಲ್ಲದರ ಭಯ. ಚೂಟಿ ಕಾಲೇಜಿನಿಂದ ಬಂದು ಸುಮ್ಮನೆ ಮಲಗುತ್ತಿದ್ದಳು. ನಿದ್ದೆಯಲ್ಲಿ ಕೈ ಎಳೆದುಕೊಳ್ಳುತ್ತಿದ್ದಳು. ಅಜ್ಜಿ ಒಲೆಯ ಹತ್ತಿರ ಹೋದರೆ ಮಗ ಹಿಂದೆಯೇ ಹೋಗುತ್ತಿದ್ದ. "ನನ್ನ ಬಾಲ ಆಗ್ಬೇಡ ಹೋಗೋ" ಎಂದು ಅಜ್ಜಿ ಗದರುತ್ತಿದ್ದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು, ತಿಂಗಳು ಕೇಳಿದರು, ಲೆಕ್ಕ ಕೇಳಿದರು. ಅಜ್ಜಿ ಎಲ್ಲವನ್ನೂ ಪಟಪಟನೆ ಸರಿಯಾಗಿ ಹೇಳಿದಳು. ಔಷಧಿ ಕೊಟ್ಟು, ನೋಡೋಣ ಎಂದು ಕಳಿಸಿದರು. ವ್ಯಾನಿನಲ್ಲಿ ಬರುವಾಗ ಅಜ್ಜಿ ಸೊಸೆಯ ಕೈ ಹಿಡಿದುಕೊಂಡೇ ಕೂತಿದ್ದಳು. ಇಷ್ಟು ವರ್ಷದಲ್ಲಿ ಹಾಗೆ ಹಿಡಿದದ್ದು ಯಾರಿಗೂ ನೆನಪಿಲ್ಲ.

"ಎಲ್ಲಾ ಸರಿ ಹೇಳ್ದೆ," ಎಂದಳು. "ಅದಕ್ಕೇ ಜಾಸ್ತಿ ಹೆದರಿಕೆ."

ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಅತ್ತೆ ಏನು ಮರೆತರೂ ಸೊಸೆ ಅಲ್ಲೇ, ಆ ಕ್ಷಣವೇ ಹೇಳಬೇಕು. ಹೇಳಿದಾಗಲೆಲ್ಲ ಅತ್ತೆ ಉರಿದು ಬೀಳುತ್ತಿದ್ದಳು. "ಅತ್ತೆ, ಮಾತ್ರೆ ತಗೊಂಡಿಲ್ಲ." "ತಗೊಂಡೆ!" "ಇಲ್ಲ, ನಿಮ್ಮ ಕೈಯಲ್ಲೇ ಇದೆ." "ನಿನ್ನ ಕಣ್ಣಿಗಿಷ್ಟು!" ಎಂದು ಬೈದುಕೊಂಡೇ ನುಂಗುತ್ತಿದ್ದಳು. ತಣ್ಣಗಿದ್ದ ಮನೆ ಮತ್ತೆ ಸಂತೆಯಾಯಿತು. ಮಗ ವ್ಯಾನಿನಲ್ಲಿ ಮಲಗುವ ಮಾತೆತ್ತಲಿಲ್ಲ.

ಒಂದು ಮಧ್ಯಾಹ್ನ ಸೊಸೆ ಬರುವಷ್ಟರಲ್ಲಿ ಪೆಟ್ಟಿಗೆಯ ಹೊದಿಕೆ ತೆಗೆದಿತ್ತು. ಅವಳು ಚಪ್ಪಲಿ ಬಿಡದೆಯೇ ಒಳಗೆ ಓಡಿದಳು. ಆದರೆ ಪ್ಲಗ್ಗು ಕಿತ್ತು ಅಷ್ಟು ದೂರದಲ್ಲಿತ್ತು, ಚೂಟಿ ಮೀಟರ್ ಹಿಡಿದು ಪಕ್ಕದಲ್ಲೇ ಇದ್ದಳು. ಅಜ್ಜಿ ಭೂತಗನ್ನಡಿ ಹಿಡಿದು ಪೆಟ್ಟಿಗೆಯೊಳಗೆ ಬಗ್ಗಿದ್ದಳು.

"ಗುಂಯ್ ಎಲ್ಲಿಂದ ಅಂತ ಸಿಕ್ತು. ಬಾ, ನೋಡು."

ತಗಡಿಗೆ ತಿರುಚಿ ಸುತ್ತಿದ ಒಂದು ವಯರು. ನೋಡಿದರೆ ಬೆಸುಗೆ ಹಾಕಿದ ಹಾಗೆಯೇ ಇತ್ತು. ಅಜ್ಜಿ ಕಡ್ಡಿಯಿಂದ ಮೆಲ್ಲಗೆ ತಳ್ಳಿದಳು. ವಯರು ಅಲುಗಾಡಿತು.

"ಬೆಸುಗೆನೇ ಹಾಕಿಲ್ಲ ಅಜ್ಜಿ ಇದಕ್ಕೆ," ಎಂದಳು ಚೂಟಿ ಸಣ್ಣ ದನಿಯಲ್ಲಿ.

"ನಾನೇ ಬಿಟ್ಟಿದ್ದು. ಹಾಕಿದ್ದು ನಂಗೆ ನೆನಪಿದೆ. ಕಾವಿಗೆ ಬೆಸುಗೆ ಕರಗಿ ಹೊಳೆದದ್ದು, ಹೊಗೆ ಮೂಗಿಗೆ ಬಂದದ್ದು, ಎಲ್ಲ ನೆನಪಿದೆ." ಅಜ್ಜಿ ಭೂತಗನ್ನಡಿ ಕೆಳಗಿಟ್ಟಳು. "ಮರೆತ್ರೆ ಮರೆತೆ ಅಂತಾದ್ರೂ ಗೊತ್ತಾಗ್ಬೇಕು ಅಲ್ವೇನೇ. ಮಾಡದ್ದೇ ಮಾಡಿದ ಹಾಗೆ ನೆನಪಿರತ್ತಲ್ಲ. ಹೇಗೆ ಬಾಳೋದು ಹೇಳು."

ಸೊಸೆ ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು.

"ಇದನ್ನ ಮುಗಿಸ್ಬೇಕು," ಎಂದಳು ಅಜ್ಜಿ. "ಅರ್ಧಕ್ಕೆ ಬಿಟ್ರೆ ಇವಳು ಇನ್ಮೇಲೆ ಯಾವ ಪೆಟ್ಟಿಗೇನೂ ಮುಟ್ಟಲ್ಲ. ರಾತ್ರಿ ಕೈ ಎಳ್ಕೊಳೋದು ನೋಡಿದೀನಿ. ಆದ್ರೆ ಕೋಲು ನಾನು ಹಿಡಿಯೋಲ್ಲ. ನೀನು ಹಿಡಿ."

"ನಾನಾ? ಅಯ್ಯೋ, ನನ್ನ ಕೈಲಾಗಲ್ಲ ಅತ್ತೆ! ಬಲ್ಬು ಬದಲಾಯಿಸೋಕೂ ಇವರನ್ನ ಕರೀತೀನಿ ನಾನು!"

"ಅದಕ್ಕೇ ನೀನು. ಹೆದರೋಳು ಮರೆಯಲ್ಲ."

ಕರೆಂಟಿಲ್ಲದ ಪೆಟ್ಟಿಗೆಯ ಮೇಲೆ ಸೊಸೆ ಕೋಲು ಹಿಡಿಯುವುದನ್ನು ಕಲಿತಳು. ಎಲ್ಲಿ ಮುಟ್ಟಿಸಬೇಕು, ಎಷ್ಟು ಹೊತ್ತು ಇಡಬೇಕು, ಇನ್ನೊಂದು ಕೈ ಎಲ್ಲಿರಬೇಕು. ಅತ್ತೆ ಬೈದು ಬೈದೇ ಕಲಿಸಿದಳು. "ಹಾವು ಹಿಡಿದ ಹಾಗೆ ಹಿಡೀಬೇಡ್ವೇ! ದೋಸ್ತಿ ಮಾಡ್ಕೊಳೋಕೆ ಬಂದಿಲ್ಲ ಅದು, ಗಟ್ಟಿಯಾಗಿ ಹಿಡಿ!" ಸೊಸೆ ಬೆವರಿದಳು, ಎರಡು ಸಲ ಕೋಲು ಬಿಟ್ಟು ಎದ್ದು ಹೋದಳು, ಎರಡು ಸಲವೂ ತಾನೇ ತಿರುಗಿ ಬಂದಳು.

ಆ ವಯರಿಗೆ ಬೆಸುಗೆ ಹಾಕಿದ ಮೇಲೆ ಮೊದಲು ವಾಲ್ವ್ ಇಲ್ಲದೆಯೇ ಕರೆಂಟು ಕೊಟ್ಟು ನೋಡಬೇಕು ಎಂದಳು ಅಜ್ಜಿ. ಕೊಟ್ಟು ನೋಡಿದಾಗ ಎಲ್ಲ ಸರಿಯಿತ್ತು, ಒಳಗಿನ ಒಂದು ವಯರು ಮಾತ್ರ ಬಿಸಿಯಾಗುವ ಭಾಗಕ್ಕೆ ಒರಗಿಕೊಂಡಿತ್ತು. ಅದನ್ನು ಸರಿಸಬೇಕು. ಸರಿಸಬೇಕೆಂದರೆ ಕೈ ಹಾಕಬೇಕು. ಮಗ ಆವತ್ತು ಬೇಗ ಮನೆಗೆ ಬಂದು ಗೋಡೆಗೆ ಒರಗಿ ನಿಂತಿದ್ದ, ಉಗುರು ಕಚ್ಚುತ್ತಾ.

ಸೊಸೆ ಪ್ಲಗ್ ಕಿತ್ತಳು. ಕೋಲು ತೆಗೆದುಕೊಂಡಳು. ಅತ್ತೆ ಕಲಿಸಿದ ಜಾಗಕ್ಕೇ ಮುಟ್ಟಿಸಿದಳು. ಫಟಾರ್ ಎಂದು ಕಿಡಿ ಹಾರಿತು. ಅವಳು ಕಣ್ಣು ಮುಚ್ಚಲಿಲ್ಲ. ಸ್ವಲ್ಪ ಹೊತ್ತು ಹಾಗೇ ಒತ್ತಿಹಿಡಿದು, ತೆಗೆದು, ಮತ್ತೆ ಮುಟ್ಟಿಸಿದಳು. ಈ ಸಲ ಸದ್ದಿಲ್ಲ. ಚೂಟಿ ಮೀಟರಿನ ಕಡ್ಡಿಗಳನ್ನು ಇಟ್ಟು ನೋಡಿದಳು.

"ಸೊನ್ನೆ," ಎಂದಳು. ಅವಳ ಮುಖ ಬಿಳುಚಿಕೊಂಡಿತ್ತು. ಆದರೂ ತುಟಿ ಕಚ್ಚಿ ಕೈ ಮುಂದೆ ಮಾಡಿದಳು.

"ತಡಿ," ಎಂದಳು ಸೊಸೆ.

ಮಗಳ ಕೈಯನ್ನು ಪಕ್ಕಕ್ಕೆ ಸರಿಸಿ, ಉಸಿರು ಬಿಗಿಹಿಡಿದು, ತನ್ನ ಕೈಯನ್ನೇ ಪೆಟ್ಟಿಗೆಯೊಳಗೆ ಇಳಿಸಿದಳು. ಬೆರಳುಗಳಿಂದ ಒಂದೊಂದನ್ನೇ ಮುಟ್ಟಿದಳು. ಗೋಡೆಯ ಹತ್ತಿರ ಮಗ "ಲೇ!" ಎಂದು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಕೈ ಹಾಗೇ ಒಳಗಿಟ್ಟುಕೊಂಡು ತಲೆ ಎತ್ತಿದಾಗ ಅತ್ತೆ ಅವಳನ್ನೇ ನೋಡುತ್ತಿದ್ದಳು.

"ಕೋಲು ಹಿಡಿದವಳು ನೀನೇ. ಮೀಟರೂ ಆಯ್ತು. ಇನ್ನೂ ನಿನ್ನ ಮೇಲೆ ನಿನಗೆ ನಂಬಿಕೆ ಇಲ್ವೇನೇ?"

"ಇಲ್ಲ ಅತ್ತೆ."

"ಸದ್ಯ," ಎಂದಳು ಅಜ್ಜಿ.

ಅವಳು ಮಗ್ಗುಲಿನ ಕುರ್ಚಿಯನ್ನು ಎಳೆದುಕೊಂಡು ಮೆಲ್ಲಗೆ ಕೂತಳು. ಸೊಸೆ ಕೈ ಹೊರಗೆ ತೆಗೆದು ಜಾಗ ಬಿಟ್ಟಳು, ಚೂಟಿ ಕೈ ಹಾಕಿದಳು.